ಅಜ್ಜಿಯ ಕಣ್ಣಿನೊಳಗಿನ ಸಿಮೆಂಟ್

ಹತ್ತನೇ ಕ್ಲಾಸಿಗೇ ಬಯಾಲಜಿಗೆ ಕೈಮುಗಿದು ಮೆಕ್ಯಾನಿಕಲ್ ಸೇರಿದವನು ನಾನು. ಆದ್ರೂ ಈ ಸೆಮಿಸ್ಟರ್‌ನಲ್ಲಿ ಥರ್ಮೋಗಿಂತ ಜಾಸ್ತಿ ಓದಿದ್ದು ಕಣ್ಣಿನ ಬಗ್ಗೆ. ಕಾರಣ ನಮ್ಮಜ್ಜಿ ಕೇಳಿದ ಒಂದು ಪ್ರಶ್ನೆ.

ಅಜ್ಜಿಗೆ ಬಲಗಣ್ಣಲ್ಲಿ ಕಿಟಕಿ ಸರಳುಗಳು ಡೊಂಕಾಗಿ ಕಾಣೋಕೆ ಶುರುವಾಗಿತ್ತು. ಡಾಕ್ಟ್ರು ವೆಟ್ ಎಎಂಡಿ ಅಂದ್ರು. ಕಣ್ಣಿಗೇ ಇಂಜೆಕ್ಷನ್ ಕೊಟ್ರು. ಸೋರಿಕೆ ನಿಂತಿತು, ಆದ್ರೆ ನಟ್ಟನಡುವೆ ಕಲೆ ಉಳೀತು. ಈಗ ಅಜ್ಜಿ ಬಲಗಣ್ಣಲ್ಲಿ ನೋಡಿದ್ರೆ ನನ್ನ ಮುಖ ಇರೋ ಜಾಗದಲ್ಲಿ ಬರೀ ಮಬ್ಬು. "ಔಷಧಿ ಕೆಲ್ಸ ಮಾಡ್ತು ಅಂತಾರಲ್ಲೋ, ಮತ್ತೆ ಯಾಕೆ ಕಾಣಲ್ಲ?" ಅಂತ ಕೇಳಿದ್ರು. ಮನೇಲಿ ಇಂಜಿನಿಯರಿಂಗ್ ಓದ್ತಿರೋನು ನಾನೊಬ್ನೇ. ಹಾಗಾಗಿ ಉತ್ತರ ಹೇಳೋ ಕೆಲಸ ನನ್ನ ತಲೆಗೆ ಬಂತು.

ಓದಿ ತಿಳಿದದ್ದು ಇಷ್ಟು. ಬೆಳಕು ಹಿಡಿಯುವ ಕೋಶಗಳು ಇರುವುದು ರೆಟಿನಾದಲ್ಲಿ. ಅದರ ಕೆಳಗೆ ಆರ್‌ಪಿಇ ಅನ್ನೋ ಒಂದೇ ಪದರದ ಕೋಶಗಳು ಟೈಲ್ಸ್ ಜೋಡಿಸಿದ ಹಾಗೆ ಒತ್ತೊತ್ತಾಗಿ ಕೂತಿವೆ. ಬೆಳಕಿನ ಕೋಶಗಳಿಗೆ ಊಟ ಬಡಿಸೋದೂ ಇವೇ, ಎಂಜಲೆಲೆ ಎತ್ತೋದೂ ಇವೇ. ಈ ಕಾಯಿಲೆಯಲ್ಲಿ ಕೆಳಗಿನಿಂದ ಹೊಸ ರಕ್ತನಾಳಗಳು ಬ್ರೂಕ್ಸ್ ಪೊರೆಯನ್ನು ತೂರಿಕೊಂಡು ಮೇಲೆ ಬಂದು ಸೋರುತ್ತವೆ. ಅವನ್ನು ಬೆಳೆಸುವ ಸಂಕೇತ ವಿಇಜಿಎಫ್. ಇಂಜೆಕ್ಷನ್ ತಡೆಯುವುದು ಅದನ್ನೇ.

ಆದರೆ ಅಷ್ಟರಲ್ಲಿ ದೇಹ "ಇಲ್ಲಿ ಗಾಯ ಆಗಿದೆ" ಅಂತ ರಿಪೇರಿ ಶುರು ಮಾಡಿರುತ್ತೆ. ಟಿಜಿಎಫ್-ಬೀಟಾ ಅನ್ನೋ ಇನ್ನೊಂದು ಸಂಕೇತ ಬಂದಾಗ ಆರ್‌ಪಿಇ ಕೋಶಗಳು ಪಕ್ಕದವರ ಕೈ ಬಿಡುತ್ತವೆ, ಟೈಲ್ಸ್ ಆಕಾರ ಕಳೆದುಕೊಂಡು ಉದ್ದವಾಗಿ ಓಡಾಡತೊಡಗುತ್ತವೆ. ಕೊನೆಗೆ ಮಯೋಫೈಬ್ರೋಬ್ಲಾಸ್ಟ್ ಆಗುತ್ತವೆ: ಸ್ನಾಯುವಿನ ಥರ ಎಳೆಯುವ, ಕೊಲಾಜೆನ್ ಸುರಿಯುವ ಕೋಶ. ಬೇರೆ ಜಾತಿಯ ಕೋಶಗಳೂ ಇದಕ್ಕೆ ಸೇರಿಕೊಳ್ಳುತ್ತವೆ. 1971ರಲ್ಲಿ ಗಬ್ಬಿಯಾನಿ ಮತ್ತು ಸಂಗಡಿಗರು ಮಾಯುತ್ತಿರುವ ಗಾಯದಲ್ಲಿ ವಿವರಿಸಿದ್ದು ಇಂಥ ಕೋಶಗಳನ್ನೇ. ಬಿದ್ದು ಮಂಡಿ ತರಚಿದಾಗ ಗಾಯ ಮುಚ್ಚಲು ಸಹಾಯ ಮಾಡೋದೂ ಇವೇ. ಅಲ್ಲಿ ಉಪಕಾರ, ಇಲ್ಲಿ ಅಪಕಾರ. ಬಡಿಸೋರೇ ಗಾರೆ ಕೆಲಸಕ್ಕೆ ಹೋದ್ರೆ ಪಂಕ್ತಿಯಲ್ಲಿ ಕೂತವರ ಗತಿ ಏನು? ಬೆಳಕಿನ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟಲ್ಲ.

ನನಗೆ ಮೆಕ್ಯಾನಿಕ್ಸ್ ಕಂಡಿದ್ದು ಮುಂದಿನ ಹಂತದಲ್ಲಿ. ಟಿಜಿಎಫ್-ಬೀಟಾ ಕೋಶಗಳ ಸುತ್ತಲಿನ ಜಾಲದಲ್ಲಿ ಬೀಗ ಹಾಕಿದ ಸ್ಥಿತಿಯಲ್ಲಿ ಇರುತ್ತೆ. ಜಾಲ ಗಟ್ಟಿಯಾಗಿದ್ದಾಗ ಮಯೋಫೈಬ್ರೋಬ್ಲಾಸ್ಟ್ ಎಳೆದರೆ ಆ ಬೀಗ ತೆರೆಯುತ್ತೆ. ಹೊರಬಂದ ಸಂಕೇತ ಇನ್ನಷ್ಟು ಕೋಶಗಳನ್ನು ಬದಲಾಯಿಸುತ್ತೆ, ಜಾಲ ಇನ್ನೂ ಗಟ್ಟಿಯಾಗುತ್ತೆ. ಪಕ್ಕಾ ಪಾಸಿಟಿವ್ ಫೀಡ್‌ಬ್ಯಾಕ್. ಚರ್ಮದಲ್ಲಿ ಗಾಯ ಮುಚ್ಚಿದ ಮೇಲೆ ಈ ಕೋಶಗಳು ಹೆಚ್ಚಿನವು ತಾವಾಗೇ ಸಾಯುತ್ತವೆ. ಅವು ಸಾಯದೆ ಉಳಿದುಬಿಟ್ಟರೆ ಕೆಲಸ ನಿಲ್ಲೋದೇ ಇಲ್ಲ.

ಹಾಗಾಗಿ ವಿಇಜಿಎಫ್ ತಡೆದರೆ ಕಲೆ ತಡೆದಂತಾಗಲ್ಲ. ಅಮೆರಿಕದ ಕ್ಯಾಟ್ ಅಧ್ಯಯನದಲ್ಲಿ ಇಂಜೆಕ್ಷನ್ ಪಡೆದ ಕಣ್ಣುಗಳಲ್ಲೂ 2 ವರ್ಷದೊಳಗೆ ಸುಮಾರು 45% ಕಣ್ಣುಗಳಲ್ಲಿ ಕಲೆ ಕಂಡಿತ್ತು. ಇಂಜೆಕ್ಷನ್ ಇಲ್ಲದಿದ್ದರೆ ಸ್ಥಿತಿ ಇನ್ನೂ ಕೆಟ್ಟದು. ಆದರೆ ಆಗಿಹೋದ ಕಲೆಯನ್ನು ಕರಗಿಸೋ ಔಷಧಿ ಇನ್ನೂ ಬಂದಿಲ್ಲ.

ಇದನ್ನೆಲ್ಲ ಅಜ್ಜಿಗೆ ಹೇಗೆ ಹೇಳೋದು? "ಸೋರೋದು ನಿಂತಿದೆ ಅಜ್ಜಿ, ಆದ್ರೆ ರಿಪೇರಿಗೆ ಬಂದವ್ರು ಸಿಮೆಂಟ್ ಹಾಕೋದು ನಿಲ್ಲಿಸ್ಲಿಲ್ಲ" ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಎಡಗಣ್ಣಿಗೆ ಸಿಮೆಂಟ್ ಬೀಳೋಕ್ ಮುಂಚೆ ಹೋಗ್ಬೇಕು ಅನ್ನು" ಅಂದ್ರು. ನಾನು ವಾರಗಟ್ಟಲೆ ಓದಿದ್ದರ ಸಾರ ಅಷ್ಟೇ.

ಈಗ ನಮ್ಮನೆ ಫ್ರಿಜ್ ಬಾಗಿಲ ಮೇಲೆ ಆಮ್ಸ್ಲರ್ ಗ್ರಿಡ್ ಅಂಟಿಸಿದ್ದೀವಿ: ಚೌಕಗಳು, ನಡುವೆ ಒಂದು ಚುಕ್ಕೆ. ಅಜ್ಜಿ ದಿನಾ ಬೆಳಿಗ್ಗೆ ಕನ್ನಡಕ ಹಾಕ್ಕೊಂಡು, ಬಲಗಣ್ಣು ಮುಚ್ಚಿ, ಚುಕ್ಕೆ ನೋಡ್ತಾರೆ. ಗೆರೆ ಡೊಂಕಾದ್ರೆ ಕಾಯೋ ಹಾಗಿಲ್ಲ, ತಕ್ಷಣ ಡಾಕ್ಟ್ರ ಹತ್ರ.

ನೀವೂ ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರಿಗೆ ಒಂದೊಂದೇ ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡೋಕೆ ಹೇಳಿ. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆ ಕಣ್ಣು ಕೆಟ್ಟ ಕಣ್ಣಿನ ತೊಂದರೆಯನ್ನು ಮುಚ್ಚಿಬಿಡುತ್ತೆ.