ಮಾಸಿದ ಅಳತೆಗೋಲು

ಕೆಂಪು ಎಂದರೆ ಯಾವ ಕೆಂಪು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ನಾನು ಯೋಚಿಸಿರಲಿಲ್ಲ. ಆ ಅಜಾಗರೂಕತೆಯಿಂದ ಒಬ್ಬ ಶ್ರಮಜೀವಿಯ ಮನಸ್ಸನ್ನು ನೋಯಿಸಿದೆ.

ಇಳಕಲ್ಲ ಸುತ್ತಿನ ನಮ್ಮ ಯುವಜನರು ತಮ್ಮ ಕೂಟಕ್ಕಾಗಿ ನಲವತ್ತು ಬಿಳಿ ಟೀ-ಶರ್ಟುಗಳ ಮೇಲೆ ಹೆಸರು ಅಚ್ಚು ಹಾಕಿಸಬಯಸಿದರು. ಅಕ್ಷರಗಳು ತಾಯಂದಿರು ಉಡುವ ಇಳಕಲ್ ಸೀರೆಯ ಟೋಪಿ ತೆನಿ ಸೆರಗಿನ ಕೆಂಪಿನಲ್ಲೇ ಇರಬೇಕೆಂಬುದು ಅವರ ಆಸೆ. ಬಣ್ಣ ಆರಿಸುವ ಹೊಣೆ ನನ್ನದಾಯಿತು. ಮಿತ್ರರೊಬ್ಬರು ಎಂದೋ ಕೊಟ್ಟಿದ್ದ ಪ್ಯಾಂಟೋನ್ ಶೇಡ್ ಕಾರ್ಡ್ ನನ್ನ ಕಿಟಕಿಯ ಬಳಿ ಬಿದ್ದಿತ್ತು. ರಾತ್ರಿ ಟ್ಯೂಬ್‌ಲೈಟಿನಡಿ ಅದನ್ನು ಬೀಸಣಿಗೆಯಂತೆ ಬಿಡಿಸಿ, ನೆನಪಿನ ಸೆರಗಿಗೆ ಹೋಲಿಸಿ, ಒಂದು ಸಂಖ್ಯೆಯನ್ನು ಮುದ್ರಕನಿಗೆ ಫೋನಿನಲ್ಲಿ ತಿಳಿಸಿದೆ. ಶರ್ಟುಗಳು ಬಂದಾಗ ಅಕ್ಷರಗಳು ಗಾಢ ಕಂದುಗೆಂಪಾಗಿದ್ದವು. ಆ ಯುವಕನನ್ನು ಗದರಿದೆ, ಹಣವನ್ನೂ ತಡೆಹಿಡಿದೆ.

ಕೆಲವು ದಿನಗಳ ನಂತರ ರಾಮಥಾಳದ ಪರಿಚಿತರ ಮನೆಗೆ ಹೋದಾಗ ಶರ್ಟನ್ನು ತೋರಿಸಿ ದೂರಿದೆ. ಮನೆಯ ತಾಯಿ ತಮ್ಮ ಸೀರೆ ತಂದು, “ಫಾದರ್, ಬಣ್ಣ ಒಳಗ ತಿಳಿಯೂದಿಲ್ರಿ, ಹೊರಗ ಬರ್ರಿ” ಎಂದರು. ಅಂಗಳದಲ್ಲಿ ಎರಡನ್ನೂ ಹಿಡಿದು ನೋಡಿ, “ಆ ಹುಡುಗಗ ಈ ಸೆರಗ ತೋರಿಸಿದ್ರೇನ್ರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನವೇ ಮುದ್ರಕನ ಬಳಿಗೆ ಹೋದೆ. ಆತನ ಹೊಸ ಕಾರ್ಡಿನಲ್ಲಿ ನಾನು ಹೇಳಿದ ಸಂಖ್ಯೆ ಕಂದುಗೆಂಪಾಗಿಯೇ ಇತ್ತು! ಆತ ಸೂತ್ರದಂತೆ ಶಾಯಿಗಳನ್ನು ತೂಗಿ ಬೆರೆಸಿದ್ದ. ಬಿಸಿಲಿಗೆ ಮಾಸಿದ್ದು ನನ್ನ ಕಾರ್ಡ್. ದೂರದಲ್ಲಿರುವ ಇಬ್ಬರು ಒಂದೇ ಬಣ್ಣದ ಕುರಿತು ಮಾತನಾಡಲೆಂದು 1963ರಲ್ಲಿ ಅಮೆರಿಕದ ಲಾರೆನ್ಸ್ ಹರ್ಬರ್ಟ್ ಈ ಪದ್ಧತಿಯನ್ನು ರೂಪಿಸಿದರು. ಆದರೆ ಕಾರ್ಡೇ ಮಾಸಿದರೆ ಸಂಖ್ಯೆಯಿಂದೇನು ಪ್ರಯೋಜನ?

ಕೋಪಿಸಿಕೊಳ್ಳದೆ ಆತ ನನಗೆ ಪಾಠ ಹೇಳಿದ. ಸಂಖ್ಯೆಯ ಮುಂದೆ ‘ಸಿ’ ಇದ್ದರೆ ಅದು ನುಣುಪು ಲೇಪದ ಕಾಗದದ ಮೇಲಿನ ಬಣ್ಣ. ‘ಯು’ ಇದ್ದರೆ ಲೇಪವಿಲ್ಲದ ಕಾಗದದ್ದು. ಬಟ್ಟೆಯ ಮೇಲೆ ಪದರವಾಗಿ ಕೂರುವ ಪ್ಲಾಸ್ಟಿಸಾಲ್ ಶಾಯಿಗೆ ಸಾಮಾನ್ಯವಾಗಿ ‘ಸಿ’ ಕಾರ್ಡ್ ಹೊಂದುತ್ತದೆ. ನೂಲಿನೊಳಗೆ ಇಂಗುವ ನೀರಿನ ಶಾಯಿಗೆ ‘ಯು’ ಹತ್ತಿರ. ಕಾರ್ಡನ್ನು ಬೆಳಕು ತಾಗದಂತೆ ಮುಚ್ಚಿಡಬೇಕು, ಹಳತಾದಾಗ ಬದಲಿಸಬೇಕು. ಫೋನಿನ ಪರದೆಯ ಬಣ್ಣವನ್ನು ನಂಬಬಾರದು. ಅಂತಿಮವಾಗಿ ಅದೇ ಬಟ್ಟೆಯ ಮೇಲೆ ಒಂದು ಮಾದರಿ ಒತ್ತಿಸಿ, ಹಗಲ ಬೆಳಕಿನಲ್ಲಿ ನೋಡಿಯೇ ಒಪ್ಪಿಗೆ ಕೊಡಬೇಕು.

ಬಾಕಿ ಹಣ ಕೊಟ್ಟು ಕ್ಷಮೆ ಬೇಡಿದೆ. “ಮುಂದಿನ ಸಲ ಸೆರಗ ತರ್ರಿ, ಫಾದರ್” ಎಂದು ಆತ ನಕ್ಕ. ಯುವಜನರು ಕಂದುಗೆಂಪು ಅಕ್ಷರಗಳ ಶರ್ಟುಗಳನ್ನೇ ಸಂತೋಷದಿಂದ ತೊಟ್ಟರು. ಒಂದನ್ನು ನಾನೂ ಇರಿಸಿಕೊಂಡಿದ್ದೇನೆ.

ಪ್ರಿಯರೇ, ಇನ್ನೊಬ್ಬರ ಕೆಲಸವನ್ನು ಅಳೆಯುವ ಮುನ್ನ ನಮ್ಮ ಕೈಯಲ್ಲಿರುವ ಅಳತೆಗೋಲು ಮಾಸಿದೆಯೇ ಎಂದು ಒಮ್ಮೆ ಅಂಗಳಕ್ಕೆ ಬಂದು ನೋಡೋಣ.