ಲಂಡನ್ನಿನಲ್ಲಿ ಹೊತ್ತು ಮುಳುಗುವ ಮುನ್ನ

ರಾತ್ರಿಭೋಜನ ತ್ಯಾಗವನ್ನು ಶ್ರಾವಕನ ಆರನೆಯ ಅಣುವ್ರತವೆಂದು ಎಣಿಸಬೇಕೇ ಎಂಬ ಚರ್ಚೆ ಜೈನ ಆಚಾರಗ್ರಂಥಗಳಲ್ಲಿ ಹಳೆಯದು. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಈ ಪ್ರಶ್ನೆಯನ್ನು ತಾವೇ ಎತ್ತಿ, ಬೇರೆ ಎಣಿಕೆ ಬೇಕಿಲ್ಲ, ಅಹಿಂಸಾವ್ರತದ ಭಾವನೆಗಳಲ್ಲೊಂದಾದ ‘ಆಲೋಕಿತಪಾನಭೋಜನ’ದಲ್ಲಿಯೇ ಅದು ಅಡಗಿದೆ ಎಂದು ಸಮಾಧಾನ ಹೇಳುತ್ತಾರೆ. ಚಾವುಂಡರಾಯನಾದರೋ ‘ಚಾರಿತ್ರಸಾರ’ದಲ್ಲಿ ಅದನ್ನು ಆರನೆಯದೆಂದೇ ಎಣಿಸುತ್ತಾನೆ. ಆಲೋಕಿತವೆಂದರೆ ಚೆನ್ನಾಗಿ ನೋಡಿದ್ದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಪರೀಕ್ಷಿಸಿ ಉಣ್ಣುವುದು. ತರಗತಿಯಲ್ಲಿ ಇದನ್ನು ಎಷ್ಟೋ ವರ್ಷ ವಿವರಿಸಿದ್ದೇನೆ. ಆದರೆ ಆರು, ಏಳರ ಆಸುಪಾಸಿನಲ್ಲೇ ವರ್ಷವಿಡೀ ಹೊತ್ತು ಮುಳುಗುವ ನಮ್ಮ ನಾಡಿನಲ್ಲಿ ರಾತ್ರಿ ಎಂದರೆ ಯಾವುದು ಎಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಕೇಳಿದ್ದು ಲಂಡನ್. ಬ್ರಿಟಿಷ್ ಲೈಬ್ರರಿಯಲ್ಲಿ ಹಸ್ತಪ್ರತಿಗಳನ್ನು ನೋಡುವ ಕೆಲಸ ಮುಗಿದು, ಮರುದಿನ ನಾನು ಊರಿಗೆ ಹೊರಡುವವನಿದ್ದೆ. ಜೂನ್ ತಿಂಗಳ ಕೊನೆ. ಅಲ್ಲಿ ಆಗ ಸೂರ್ಯಾಸ್ತ ರಾತ್ರಿ 9.20ರ ಸುಮಾರಿಗೆ. ರಾತ್ರಿ ಎಂದು ಬರೆದೆ. ಆ ಪದವೇ ಅಲ್ಲಿ ಸುಳ್ಳಾಗುತ್ತದೆ. ಮೂವರು ಗೆಳೆಯರು ಬೀಳ್ಕೊಡುಗೆಯ ಊಟಕ್ಕೆ ಕರೆದರು: ಬೆಳಗಾವಿ ಕಡೆಯ ಜೈನ ತರುಣನೊಬ್ಬ, ಪ್ರಾಕೃತ ಬಲ್ಲ ಇಂಗ್ಲಿಷ್ ಸಂಶೋಧಕಿ, ಮತ್ತು ನೈರೋಬಿಯಲ್ಲಿ ಹುಟ್ಟಿ 1968ರಲ್ಲಿ ಇಲ್ಲಿಗೆ ಬಂದ, ಎಂಬತ್ತು ದಾಟಿದ ಗುಜರಾತಿ ಹಿರಿಯರು. ಹಗಲಿನ ಕೊನೆಯ ಎರಡು ಘಳಿಗೆಯನ್ನೂ ಬಿಡುವ ನಿಷ್ಠೆ ಆ ಹಿರಿಯರದು. ಎರಡು ಘಳಿಗೆಯೆಂದರೆ 48 ನಿಮಿಷ, 8.30ಕ್ಕೆ ಕೈತೊಳೆಯಬೇಕು.

ಯೂಸ್ಟನ್ ಹತ್ತಿರದ ಡ್ರಮಂಡ್ ಬೀದಿಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಎಂಟಕ್ಕೆ ಕುಳಿತೆವು. ಈರುಳ್ಳಿ ಬಿದ್ದ ಸಾಂಬಾರನ್ನು ಬದಿಗಿಟ್ಟು ಖಾಲಿ ದೋಸೆ, ಕಾಯಿಚಟ್ನಿ. ತರುಣ ಗಡಿಯಾರ ನೋಡಿ ನಕ್ಕ: “ಊರಾಗ ಈಗ ಹನ್ನೆರಡೂವರಿ ಆಗೇತ್ರಿ ಸರ್. ನಮ್ಮವ್ವನ ಲೆಕ್ಕದಾಗ ನಾವು ನಡುರಾತ್ರ್ಯಾಗ ಉಣ್ಣಾಕತ್ತೀವಿ.” ಸೂರ್ಯನೇ ಮುಳುಗದ ನಾರ್ವೆಯ ಉತ್ತರ ತುದಿಯಲ್ಲಿ ಏನು ಮಾಡುವುದೆಂದು ಸಂಶೋಧಕಿ ಕೇಳಿದರು. ಅದಕ್ಕೇ ನಮ್ಮ ಮುನಿಗಳು ಕಾಲ್ನಡಿಗೆಯಲ್ಲೇ ವಿಹಾರ ಮಾಡುವುದು, ಅಷ್ಟು ದೂರ ಹೋಗಲಾರರು ಎಂದರು ಹಿರಿಯರು.

ಅವರಿಗೆ ಇದು ತಮಾಷೆಯ ಮಾತಾಗಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಭೂಮಧ್ಯರೇಖೆಗೆ ಸಮೀಪದ ನೈರೋಬಿಯಲ್ಲಿ ವರ್ಷವೆಲ್ಲ ಆರೂವರೆಯ ಹೊತ್ತಿಗೇ ಸೂರ್ಯಾಸ್ತ. ವ್ರತ ಉಸಿರಾಟದಷ್ಟು ಸಹಜ. ಇಲ್ಲಿನ ಮೊದಲ ಡಿಸೆಂಬರಿನಲ್ಲಿ ಐದು ಗಂಟೆಯೊಳಗೇ ಸೂರ್ಯಾಸ್ತ. ಕಾರ್ಖಾನೆಯ ಕೆಲಸ. ಮೇಲ್ವಿಚಾರಕನನ್ನು ಬೇಡಿಕೊಂಡು ಮೂರು ಗಂಟೆಗೆ ಹತ್ತು ನಿಮಿಷ ಬಿಡುವು ಪಡೆದು, ಯಂತ್ರದ ಪಕ್ಕದಲ್ಲೇ ಡಬ್ಬಿ ಬಿಚ್ಚುತ್ತಿದ್ದರಂತೆ. ಮರುದಿನದ ಸೂರ್ಯೋದಯ ಒಂಬತ್ತು ಗಂಟೆಯ ಸುಮಾರಿಗೆ. ಬಿಡುವು ಸಿಗದ ದಿನ ಉಪವಾಸ. ವಿದ್ಯುದ್ದೀಪದ ಬೆಳಕಿನಲ್ಲಿ ಅನ್ನ ಕಾಣುವುದಿಲ್ಲವೇ ಎಂದು ಜೊತೆಗಾರರು ಕೇಳುತ್ತಿದ್ದರು. “ಕಾಣುತ್ತಿತ್ತು,” ಎಂದರು ಅವರು, “ಆದರೆ ಊರು ಬಿಟ್ಟಾಗಿತ್ತು, ಇದನ್ನೂ ಬಿಟ್ಟರೆ ನನ್ನ ಬಳಿ ಏನು ಉಳಿಯುತ್ತಿತ್ತು?” ಪೂಜ್ಯಪಾದರ ಸಮಾಧಾನವನ್ನು ಇಂಥ ಮನುಷ್ಯನ ಎದುರು ಹೇಳಲು ನನಗೆ ಬಾಯಿ ಬರಲಿಲ್ಲ. ವ್ರತವನ್ನು ಕಾರಣದಿಂದ ಅರ್ಥೈಸುವವನು ವ್ಯಾಖ್ಯಾನಕಾರ. ಅದನ್ನು ಎಣಿಸಿಯೇ ತೀರಬೇಕಾದವನು ಗೃಹಸ್ಥ. ಚಾವುಂಡರಾಯ ಗೃಹಸ್ಥನಾಗಿದ್ದನಲ್ಲವೇ?

ಊಟವಾದ ಮೇಲೆ ವಾಕ್ಸಾಲ್‌ಗೆ ರೈಲು ಹಿಡಿದು, ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವಣ್ಣನವರ ಪ್ರತಿಮೆಯನ್ನು ನೋಡಲು ಹೋದೆವು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣಗೊಳಿಸಿದ್ದು. ಅಬ್ಬಲೂರಿನ ಶಾಸನವನ್ನು ಪಾಠ ಹೇಳುವ ಜೈನ ಮೇಷ್ಟ್ರು ಅಲ್ಲಿ ಕೈಮುಗಿದು ನಿಂತದ್ದನ್ನು ತರುಣ ಫೋಟೋ ತೆಗೆದುಕೊಂಡ. ಪರದೇಶದಲ್ಲಿ ಕನ್ನಡದವರು ಯಾರು ಕಂಡರೂ ನಮ್ಮವರೇ.

ನದಿಯಾಚೆ ಪಾರ್ಲಿಮೆಂಟಿನ ಗೋಪುರಗಳ ಮೇಲೆ ಬೆಳಕು ಇನ್ನೂ ಇತ್ತು. ಹಿರಿಯರು ಚೀಲದಿಂದ ಕಾಯಿಸಿ ಆರಿಸಿದ ನೀರಿನ ಫ್ಲಾಸ್ಕ್ ತೆಗೆದರು. ಎರಡು ಘಳಿಗೆಯ ನಿಷ್ಠೆ ಅನ್ನಕ್ಕೆ ಮಾತ್ರ. ನೀರಿಗೆ ಸೂರ್ಯ ಮುಳುಗುವವರೆಗೆ ಅವಕಾಶವಿಟ್ಟುಕೊಂಡಿದ್ದರು. ಕುಡಿದು, ಮುಚ್ಚಳ ತಿರುಗಿಸಿ, ಕಣ್ಣುಮುಚ್ಚಿ ಪ್ರತ್ಯಾಖ್ಯಾನದ ಪ್ರಾಕೃತ ಪಾಠವನ್ನು ಮೆಲ್ಲಗೆ ಹೇಳಿಕೊಂಡರು. ಸಂಶೋಧಕಿ ತಮ್ಮ ಕೈಯಲ್ಲಿದ್ದ ಕಾಫಿಯನ್ನು ಬೆಂಚಿನ ಮೇಲಿಟ್ಟರು. ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವಾಕ್ಸಾಲ್ ನಿಲ್ದಾಣದಲ್ಲಿ ಜೈ ಜಿನೇಂದ್ರ ಹೇಳಿ ಹಿರಿಯರು ನನ್ನ ಕೈ ಹಿಡಿದುಕೊಂಡರು. ಮುಂದಿನ ಸಲ ಡಿಸೆಂಬರಿನಲ್ಲಿ ಬನ್ನಿ, ಮೂರು ಗಂಟೆಗೇ ಊಟಕ್ಕೆ ಕರೆಯುತ್ತೇನೆ ಎಂದರು. ಬರುತ್ತೇನೆ ಎಂದೆ.