ಮದುವೆಯ ಕುಪ್ಪಸದ ಕೊರಳು

ಮದುವೆ ನಿಶ್ಚಯವಾದ ಮನೆಯವರು ಜವಳಿಗೆ ಹೊರಡುವುದೆಂದರೆ ಒಂದು ಸಣ್ಣ ದಿಬ್ಬಣವೇ ಹೊರಟಂತೆ. ಸೀರೆಯ ಬಣ್ಣ, ಅಂಚು, ಸೆರಗು, ಬೆಲೆ ಇವುಗಳ ಬಗ್ಗೆ ಹತ್ತು ಜನ ಹತ್ತು ಮಾತನಾಡಿ, ಅಂಗಡಿಯ ಗಾದಿಯ ಮೇಲೆ ಅರ್ಧ ದಿನ ಕುಳಿತು, ಕಡೆಗೆ ಒಂದನ್ನು ಆರಿಸಿಕೊಂಡು ಬರುತ್ತೇವೆ. ಆ ಸೀರೆಯ ಜೊತೆಗಿನ ಕುಪ್ಪಸದ ಮಾತು ಬಂದಾಗ ಮಾತ್ರ, ‘ಅದೇನು ದೊಡ್ಡದು, ಹೊಲಿಯಲು ಕೊಟ್ಟರಾಯಿತು’ ಎಂದು ಸುಮ್ಮನಾಗುತ್ತೇವೆ. ಮದುವೆ ಮುಗಿದ ಮೇಲೆ ಚಿತ್ರಗಳ ಆಲ್ಬಮ್ ತೆರೆದು ನೋಡಬೇಕು. ಬಹುಪಾಲು ಚಿತ್ರಗಳು ಎದೆಮಟ್ಟದವು. ಸಾವಿರಾರು ರೂಪಾಯಿ ಸುರಿದು ತಂದ ಸೀರೆಯ ಒಡಲು ಅವುಗಳಲ್ಲಿ ಕಾಣುವುದೇ ಇಲ್ಲ. ಮದುಮಗಳ ಮುಖ, ಕೊರಳು, ಆ ಕೊರಳ ಸುತ್ತ ಕುಪ್ಪಸವನ್ನು ಕತ್ತರಿಸಿದ ಗೆರೆ, ಇವಷ್ಟೇ ಎದ್ದು ಕಾಣುತ್ತವೆ.

ನಮ್ಮ ಅಜ್ಜಿಯರಿಗೆ ಈ ಚಿಂತೆ ಇರಲಿಲ್ಲ. ಗುಳೇದಗುಡ್ಡದ ಖಣವನ್ನು, ಅದರ ಅಂಚು ತೋಳಿನ ತುದಿಗೆ ಬರುವಂತೆ ಕತ್ತರಿಸಿ ಹೊಲಿದು, ಮುಂದೆ ಒಂದು ಗಂಟು ಹಾಕಿಕೊಂಡರೆ ಕುಪ್ಪಸ ಸಿದ್ಧ. ತೇರು, ಆನೆ ಹೆಜ್ಜೆ, ಸೂಜಿಮಲ್ಲಿಗೆ ಎಂದು ನೇಯ್ಗೆಯ ಹೆಸರು ಹೇಳಿ ಖಣ ಕೇಳುತ್ತಿದ್ದರೇ ಹೊರತು ಕೊರಳಿನ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಖಣದ ಅಗಲ ಕಿರಿದು. ಅದರಲ್ಲಿ ಆಟ ಆಡಲು ಹೆಚ್ಚು ಎಡೆಯೂ ಇರಲಿಲ್ಲ. ಮೇಲಾಗಿ ಇಳಕಲ್ಲ ಸೀರೆಯ ಕೆಂಪು ಸೆರಗು ತಲೆಯ ಮೇಲಿನಿಂದ ಇಳಿದು ಎರಡೂ ಹೆಗಲನ್ನು ಹೊದಿಸುತ್ತಿದ್ದುದರಿಂದ ಕೊರಳ ಗೆರೆ ಹೊರಗೆ ಕಾಣುವ ಸಂದರ್ಭಗಳೇ ಕಡಿಮೆಯಾಗಿದ್ದವು. ಈಗ ಸೆರಗು ಎಡಹೆಗಲ ಮೇಲೆ ಪಿನ್ನಿನ ಆಶ್ರಯದಲ್ಲಿ ನಿಂತಿದೆ. ದುಂಡು, ಚೌಕ, ‘ಯು’, ‘ವಿ’, ಬೋಟ್, ಕಾಲರ್ ಎಂದು ಹೊಲಿಗೆಯವರ ಬಳಿ ಹತ್ತಾರು ನಮೂನೆಗಳಿವೆ. ಹುಡುಗಿಯರು ಮೊಬೈಲಿನಲ್ಲಿ ಯಾರೋ ಚಿತ್ರತಾರೆಯ ಭಾವಚಿತ್ರ ತೋರಿಸಿ ‘ಇದೇ ಬೇಕು’ ಎನ್ನುತ್ತಾರೆ. ಅಲ್ಲಿ ಚೆಂದವಾಗಿರುವುದು ಕುಪ್ಪಸದ ಕೊರಳೋ ಆ ತಾರೆಯ ಕೊರಳೋ ಎಂದು ಕೇಳುವ ವ್ಯವಧಾನ ಮದುವೆಯ ಗದ್ದಲದಲ್ಲಿ ಯಾರಿಗೂ ಇರುವುದಿಲ್ಲ.

ನಮ್ಮ ತಂಗಿಯ ಮಗಳ ಮದುವೆ ಗೊತ್ತಾದಾಗ ಈ ವಿಷಯ ನಮ್ಮ ಪಾಲಿಗೆ ಬಂತು. ಹುಡುಗಿಯದು ತುಂಬಿದ ಮೈ, ಅಗಲ ಹೆಗಲು, ಗಿಡ್ಡ ಕೊರಳು. ಆರೋಗ್ಯವಂತೆ, ಲಕ್ಷಣವಂತೆ. ಆದರೆ ಮದುವೆಮನೆಗೆ ಬಂದುಹೋಗುವ ಹೆಂಗಸರ ಕಣ್ಣಿಗೆ ಬೀಳುವುದು ಲಕ್ಷಣಕ್ಕಿಂತ ಮೊದಲು ಗಾತ್ರ. ಒಬ್ಬರು, ‘ಕೊರಳ ತನಕ ಮುಚ್ಚಿ ಹೊಲಿಸ್ರೆವ್ವಾ, ಮೈ ಕಾಣಂಗಿಲ್ಲ’ ಎಂದರು. ಇನ್ನೊಬ್ಬರು, ಮದುವೆಯ ಹೊತ್ತಿಗೆ ಒಂದಿಷ್ಟು ಇಳಿಸಿಕೊಳ್ಳಲಿ ಎಂದು ಹುಡುಗಿಯ ಎದುರಿಗೇ ಹೇಳಿ ಎರಡನೆಯ ಹೋಳಿಗೆಗೆ ತುಪ್ಪ ಬಡಿಸಿಕೊಂಡರು. ತಂಗಿಯ ಮನಸ್ಸೂ ಮುಚ್ಚಿದ ಕೊರಳಿನ ಕಡೆಗೇ ಒಲಿಯಿತು. ಹುಡುಗಿ ಏನೂ ಹೇಳದೆ ಎದ್ದು ಒಳಗೆ ಹೋದಳು. ಹೆಣ್ಣುಮಕ್ಕಳ ಮೈಯನ್ನು ಮುಚ್ಚಿಡಬೇಕಾದ ಒಂದು ತಪ್ಪೆಂಬಂತೆ ಮಾತನಾಡುವುದು ನಮ್ಮ ಮನೆಗಳಲ್ಲಿ ಎಷ್ಟು ಸಹಜವಾಗಿ ಹೋಗಿದೆಯೆಂದರೆ, ಆಡಿದವರಿಗೆ ಅದು ಮಾತೆಂದೇ ಅನ್ನಿಸುವುದಿಲ್ಲ.

ಮುಚ್ಚಿದರೆ ಮೈ ಕಾಣುವುದಿಲ್ಲವೆಂಬುದು ಹೊಲಿಗೆಯ ಲೆಕ್ಕದಲ್ಲಿಯೂ ನಿಲ್ಲುವ ಮಾತಲ್ಲ. ನೋಡುವವರ ಕಣ್ಣು ಗೆರೆಯನ್ನು ಹಿಂಬಾಲಿಸುತ್ತದೆ. ಗಿಡ್ಡ ಕೊರಳಿನ ಬುಡದಲ್ಲಿ ಕಾಲರ್ ಎಬ್ಬಿಸಿದರೆ ಇರುವ ಕೊರಳೂ ಮಾಯವಾಗಿ ಮುಖವನ್ನು ನೇರವಾಗಿ ಹೆಗಲ ಮೇಲೆ ಇರಿಸಿದಂತೆ ಕಾಣುತ್ತದೆ. ಎದೆ ತುಂಬಿದವರಿಗೆ ಮುಚ್ಚುಗೊರಳು ಹಾಕಿದರೆ ಗಂಟಲಿನಿಂದ ನಡುವಿನವರೆಗೆ ಎಲ್ಲಿಯೂ ತಡೆಯಿಲ್ಲದ ಒಂದೇ ಬಟ್ಟೆಯ ಬಯಲಾಗಿ, ಇದ್ದುದಕ್ಕಿಂತ ದಪ್ಪವಾಗಿ ತೋರುತ್ತಾರೆ. ಬೋಟ್ ಕೊರಳು ಒಂದು ಹೆಗಲಿನಿಂದ ಇನ್ನೊಂದಕ್ಕೆ ಅಡ್ಡಗೆರೆ ಎಳೆಯುವುದರಿಂದ ಅಗಲ ಹೆಗಲಿಗೆ ಮತ್ತಷ್ಟು ಅಗಲ ಕೂಡಿಸುತ್ತದೆ. ಅದೇ ಬೋಟ್, ಹೆಗಲು ಕಿರಿದಾಗಿ ಇಳಿಜಾರಾಗಿರುವ ತೆಳು ಹುಡುಗಿಗೆ ಬಲು ಒಪ್ಪುತ್ತದೆ. ಕೊರಳಮೂಳೆ ಎದ್ದು ಕಾಣುವವರಿಗೆ ಅದನ್ನು ಮೃದುವಾಗಿ ಮರೆಮಾಡುತ್ತದೆ. ಉದ್ದ ಕೊರಳಿನವರು ಕಾಲರನ್ನು ಧಾರಾಳವಾಗಿ ಹೊಲಿಸಬಹುದು. ದುಂಡುಮುಖದವರಿಗೆ ದುಂಡುಗೊರಳು ಮುಖದ ಸುತ್ತನ್ನೇ ಇನ್ನೊಮ್ಮೆ ಬರೆದಂತಾಗುತ್ತದೆ. ದವಡೆ ಅಗಲವಿರುವವರಿಗೆ ಚೌಕಕ್ಕಿಂತ ‘ಯು’ ಆಕಾರ ವಾಸಿ. ಅಗಲ ಹೆಗಲು, ಗಿಡ್ಡ ಕೊರಳು, ತುಂಬಿದ ಎದೆ ಈ ಮೂರೂ ಇದ್ದ ನಮ್ಮ ಹುಡುಗಿಗೆ ಬೇಕಾದುದು ಕೆಳಗಿಳಿಯುವ ಗೆರೆ. ಅಂದರೆ ಅಗಲ ಕಡಿಮೆಯಿದ್ದು ಸಾಧಾರಣ ಆಳವಿರುವ ‘ವಿ’ ಅಥವಾ ‘ಯು’.

ಈ ಮಾತನ್ನು ಹೇಳಿದರೆ ಮನೆಯವರು ನಂಬಬೇಕಲ್ಲ! ಹಳೆಯ ದಿನಪತ್ರಿಕೆಯ ನಾಲ್ಕು ಹಾಳೆಗಳನ್ನು ತೆಗೆದುಕೊಂಡು ಒಂದೊಂದರಲ್ಲಿ ಒಂದೊಂದು ನಮೂನೆಯ ಕೊರಳನ್ನು ಕತ್ತರಿಸಿ, ತಲೆಯ ಮೇಲಿನಿಂದ ತೂರಿಸಿ, ಹುಡುಗಿಯನ್ನು ದೊಡ್ಡ ಕನ್ನಡಿಯ ಮುಂದೆ ಐದಾರು ಅಡಿ ದೂರದಲ್ಲಿ ನಿಲ್ಲಿಸಿದೆವು. ಖರ್ಚಿಲ್ಲದ ಉಪಾಯ, ಯಾವ ಮನೆಯಲ್ಲಿಯೂ ಮಾಡಿನೋಡಬಹುದು. ಕನ್ನಡಿಗೆ ತೀರ ಹತ್ತಿರ ನಿಂತರೆ ಮುಖ ಮಾತ್ರ ಕಾಣುತ್ತದೆ, ಕೊರಳು ಹೆಗಲುಗಳ ಪ್ರಮಾಣ ತಿಳಿಯುವುದಿಲ್ಲ. ಕಾಲರಿನ ಕಾಗದ ಹಾಕಿದಾಗ ತಂಗಿಯೇ, ‘ಅಯ್ಯ, ಕೊರಳ ಇಲ್ಲದಂಗ ಕಾಣ್ತದಲ್ಲ’ ಎಂದಳು. ‘ವಿ’ ಕೊರಳಿನ ಕಾಗದ ಹಾಕಿದಾಗ ಹುಡುಗಿ ತನ್ನನ್ನು ತಾನೇ ತುಸು ಹೊತ್ತು ನೋಡಿಕೊಂಡಳು. ಕೊರಳು ಎರಡು ಬೆರಳು ಉದ್ದವಾದಂತಿತ್ತು.

ಆದರೆ ಕಾಗದಕ್ಕೆ ಸೆರಗಿಲ್ಲ ಎಂಬುದನ್ನು ಮರೆಯಲಾಗದು. ಪರದೇಶದ ಮದುವೆಯ ನಿಲುವಂಗಿಗೆ ಹೇಳಿದ ಮಾತುಗಳನ್ನು ಹಾಗೆಯೇ ನಮ್ಮ ಕುಪ್ಪಸಕ್ಕೆ ಅನ್ವಯಿಸುವವರು ಎಡವುವುದು ಇಲ್ಲಿಯೇ. ಸೀರೆಯುಟ್ಟಾಗ ಕೊರಳಿನ ಎಡ ಅರ್ಧವನ್ನು ಸೆರಗು ಮುಚ್ಚುತ್ತದೆ. ಕಾಣುವುದು ಬಲ ಅರ್ಧ. ಸೆರಗಿನ ಅಂಚು ಎಡಹೆಗಲಿನಿಂದ ಬಲನಡುವಿಗೆ ಓರೆಯಾಗಿ ಹಾಯ್ದು ತಾನೇ ಒಂದು ಗೆರೆಯನ್ನು ಎಳೆಯುತ್ತದೆ. ದುಂಡುಗೊರಳು ಹೊಲಿಸಿದರೂ ಸೆರಗು ಸೇರಿ ಅದು ಅರ್ಧ ‘ವಿ’ ಆಗಿಯೇ ತೋರುತ್ತದೆ. ಎದೆಯ ಮೇಲೆ ಬಹಳ ಕಸೂತಿ, ಮಣಿಕೆಲಸ ಮಾಡಿಸಿ ಸೆರಗಿನಡಿ ಮುಚ್ಚಿಟ್ಟು ಆಮೇಲೆ ಮರುಗುವವರೂ ಇದ್ದಾರೆ. ಆದ್ದರಿಂದ ಕೊರಳಿನ ನಿರ್ಧಾರ ಮಾಡುವಾಗ ಮದುವೆಯ ದಿನ ಸೆರಗನ್ನು ಹೇಗೆ ಹೊದೆಯುವುದೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಇಷ್ಟಾಗುವಷ್ಟರಲ್ಲಿ ನಾವು ಎಣಿಸದಿದ್ದ ಒಂದು ಮಾತು ಎದ್ದಿತು. ನಮ್ಮ ಹುಡುಗಿಗೆ ಚಿಕ್ಕಂದಿನಲ್ಲಿಯೇ ಲಿಂಗದೀಕ್ಷೆಯಾಗಿದೆ. ಕರಡಿಗೆಯನ್ನು ಒಂದು ದಿನವೂ ಅಗಲಿದವಳಲ್ಲ. ‘ವಿ’ ಕೊರಳೆಂದ ಕೂಡಲೆ ಹತ್ತಿರದ ಬಂಧುವೊಬ್ಬರು, ‘ಹಂಗಾದ್ರ ಶಿವದಾರ ಎದ್ದು ಕಾಣ್ತದ, ಬಂಗಾರದ ನಡುವ ಬಿಳಿ ದಾರ ಚೆಂದ ಕಾಣಂಗಿಲ್ಲ. ಅವತ್ತೊಂದು ದಿನ ಕರಡಿಗಿ ತೆಗೆದು ದೇವರ ಕೋಣ್ಯಾಗ ಇಟ್ಟರಾತು’ ಎಂದು ಸಲಹೆ ಕೊಟ್ಟರು. ಅದುವರೆಗೆ ತನ್ನ ಮೈಯ ಬಗ್ಗೆ ಯಾರು ಏನೆಂದರೂ ಬಾಯಿ ಬಿಡದಿದ್ದ ಹುಡುಗಿ ಆಗ ನಮ್ಮ ಕಡೆ ತಿರುಗಿ, ‘ದೊಡ್ಡವ್ವಾ, ಲಿಂಗ ತೆಗೆದಿಟ್ಟು ಯಾರ ಸಾಕ್ಷಿಲೆ ತಾಳಿ ಕಟ್ಟಿಸ್ಕೊಳ್ಳಲಿ? ದಾರ ಕಾಣೂದು ಬ್ಯಾಡಾದ್ರ ಬಂಗಾರ ತೆಗೀರಿ’ ಎಂದಳು. ಕೋಣೆಯಲ್ಲಿದ್ದ ಎಂಟು ಹತ್ತು ಹೆಂಗಸರಲ್ಲಿ ಒಬ್ಬರೂ ಮಾತಾಡಲಿಲ್ಲ.

ಉಡುಗೆಯ ಹಂಗನ್ನೇ ಕಳಚಿ ನಡೆದ ಅಕ್ಕಮಹಾದೇವಿಯ ಹೆಸರನ್ನು ನಾವು ನಿತ್ಯ ಹೇಳುತ್ತೇವೆ. ಕೂದಲ ಮರೆಯನ್ನೇಕೆ ಉಳಿಸಿಕೊಂಡೆಯೆಂದು ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಆಕೆಯನ್ನು ಕೇಳಿದ ಪ್ರಸಂಗ ಶೂನ್ಯಸಂಪಾದನೆಯನ್ನು ಓದಿದವರಿಗೆಲ್ಲ ಗೊತ್ತು. ಅಂತಹ ಪರಂಪರೆಯಲ್ಲಿ ಹುಟ್ಟಿ, ಒಂದು ಎಳೆ ನೂಲು ಚಿತ್ರದಲ್ಲಿ ಬೀಳುವುದೆಂದು ಸಂಕೋಚಪಡುವುದು ನಮಗೆ ಸರಿಕಾಣಲಿಲ್ಲ. ಆದರೆ ಮದುಮಗಳು ಚೆಂದ ಕಾಣಲಿ ಎಂಬ ತಾಯಿಯ ಆಸೆಯನ್ನು ಹಗುರವಾಗಿ ತಳ್ಳಿಹಾಕುವುದೂ ನ್ಯಾಯವಲ್ಲ. ಸೂಜಿಕಾಯಕದ ರಾಮಿತಂದೆಯಂತಹ ಶರಣರು ಬಟ್ಟೆ ಹೊಲಿಯುವುದನ್ನೇ ಪೂಜೆಯೆಂದು ತಿಳಿದವರು. ಚೆಂದಾಗಿ ಹೊಲಿದ ಬಟ್ಟೆಗೂ ಲಿಂಗಕ್ಕೂ ವಿರೋಧವಿರಲಾರದು ಎಂದುಕೊಂಡು ನಾವು ಹೊಲಿಗೆಯವಳ ಮನೆಗೆ ಹೋದೆವು.

ನಮ್ಮ ಊರಿನ ಆ ಹೊಲಿಗೆಯವಳು ವಯಸ್ಸಾದ ಹೆಣ್ಣುಮಗಳು. ಆಕೆ ಹುಡುಗಿಯನ್ನು ನಿಲ್ಲಿಸಿ, ಟೇಪು ಹಿಡಿಯುವ ಮೊದಲು ಶಿವದಾರವನ್ನೇ ನೋಡಿದಳು. ಕರಡಿಗೆಯ ಭಾರಕ್ಕೆ ದಾರದ ಎರಡೂ ಎಳೆಗಳು ಕೊರಳಿನಿಂದ ಎದೆಗೆ ಓರೆಯಾಗಿ ಇಳಿದು ತಾವೇ ‘ವಿ’ ಆಕಾರ ಮಾಡಿದ್ದವು. ದುಂಡು ಇಲ್ಲವೆ ಚೌಕ ಕೊರಳಾದರೆ ಈ ಎಳೆಗಳು ಕುಪ್ಪಸದ ಅಂಚನ್ನು ಅಡ್ಡಹಾಯ್ದು ಎದ್ದು ತೋರುತ್ತವೆ. ಕೊರಳನ್ನು ದಾರದ ಗೆರೆಗೇ ಹೊಂದಿಸಿ ಕತ್ತರಿಸಿದರೆ ದಾರವು ಅಂಚಿನ ಜೊತೆಜೊತೆಗೆ ಇಳಿದು ಅದರದೇ ಒಂದು ಭಾಗವಾಗುತ್ತದೆ ಎಂದು ಆಕೆ ಬೆರಳಿನಿಂದ ಬರೆದು ತೋರಿಸಿದಳು. ಹೆಗಲ ಹೊಲಿಗೆಯಿಂದ ಕೆಳಗೆ ಆರೂವರೆ ಇಂಚು ಆಳ, ‘ವಿ’ಯ ತುದಿ ಚೂಪಾಗದೆ ವೀಳ್ಯದೆಲೆಯ ತುದಿಯಂತೆ ತುಸು ಬಾಗಿದ್ದು, ಅದರ ಕೆಳಗೆ ಎರಡು ಬೆರಳು ಬಿಟ್ಟು, ಹೃದಯದ ಮಟ್ಟದಲ್ಲಿ, ಸೆರಗಿನ ಮರೆಯಲ್ಲಿ ಕರಡಿಗೆ. ಕೊರಳಿನ ಆಳವನ್ನು ಅಳೆದು ದಾರವನ್ನು ಮೇಲೆ ಕೆಳಗೆ ಮಾಡುವ ಬದಲು, ದಾರವನ್ನು ಅಳೆದು ಕೊರಳನ್ನು ಗೊತ್ತುಮಾಡಿದಂತಾಯಿತು.

ಬಂಗಾರದ ಮಾತು ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಬೀಗರು ಹಾಕಿದ ಬೋರಮಾಳ ಕಾಣಲೇಬೇಕು. ನಮ್ಮ ಕಡೆಯ ಟೀಕಿಯೂ ಇರಬೇಕು. ಇವುಗಳ ಮೇಲೆ ನಮ್ಮ ತಾಯಿಯಿಂದ ತಂಗಿಗೆ ಬಂದ ಪುತಳಿ ಸರ ಬಂದರೆ ಕೊರಳಿನ ಗೆರೆ, ಶಿವದಾರ, ಹುಡುಗಿಯ ಕೊರಳು ಎಲ್ಲವೂ ಬಂಗಾರದಡಿ ಹೂತುಹೋಗುತ್ತವೆ. ಹುಡುಗಿ ಪುತಳಿ ಸರವನ್ನು ಬಿಟ್ಟಳು. ತಂಗಿಗೆ ಕಣ್ಣಲ್ಲಿ ನೀರು ಬಂತು. ತನ್ನ ಮದುವೆಯಲ್ಲಿ ಅವ್ವ ಕೈಯಾರೆ ಹಾಕಿದ ಸರ ಅದು. ಮಗಳ ಕೊರಳಲ್ಲಿ ಅದನ್ನು ನೋಡಬೇಕೆಂದು ಇಪ್ಪತ್ತೈದು ವರ್ಷ ಕಾಯ್ದಿದ್ದಳು. ಗಿಡ್ಡ ಕೊರಳಿಗೆ ಎರಡಕ್ಕಿಂತ ಹೆಚ್ಚು ಸರ ಒಪ್ಪುವುದಿಲ್ಲವೆಂಬ ನಮ್ಮ ಶಾಸ್ತ್ರ ಅವಳ ದುಃಖಕ್ಕೆ ಉತ್ತರವಾಗಿರಲಿಲ್ಲ. ನಾವೂ ಆ ದಿನ ಅದನ್ನು ಎತ್ತಲಿಲ್ಲ.

ಹೊಲಿಗೆಯ ಕೆಲವು ಸೂಕ್ಷ್ಮಗಳನ್ನು ಮದುವೆ ಕೈಗೊಂಡಿರುವ ತಾಯಂದಿರಿಗಾಗಿ ಇಲ್ಲಿ ಹೇಳಿಬಿಡುತ್ತೇವೆ. ಬೆನ್ನಿನ ಕಡೆ ಕೊರಳನ್ನು ಬಹಳ ಇಳಿಸಿದರೆ ಮುಂದೆ ಅಗಲ ಮಾಡಬಾರದು. ಎರಡೂ ಕೂಡಿದರೆ ಹೆಗಲು ಜಾರಿ, ಮದುಮಗಳು ಮಂಟಪದಲ್ಲಿ ಅದನ್ನು ಎಳೆದುಕೊಳ್ಳುತ್ತ ಕೂಡಬೇಕಾಗುತ್ತದೆ. ಬೆನ್ನ ಮೇಲೆ ಡೋರಿ ಕಟ್ಟಿ ಗೊಂಡೆ ಇಳಿಬಿಡುವ ಪದ್ಧತಿ ಈಗ ಬಹಳ. ತಾಳಿ ಕಟ್ಟುವಾಗ ವರನ ಕೈಗೆ ಮೊದಲು ಸಿಕ್ಕುವುದೇ ಆ ಡೋರಿ. ಅಕ್ಕಿಕಾಳು ಬೀಳುವ ಗಡಿಬಿಡಿಯಲ್ಲಿ ತಾಳಿಯ ದಾರಕ್ಕೂ ಡೋರಿಗೂ ಗಂಟು ಬಿದ್ದು ಬಿಡಿಸಲು ಮೂರು ಜನ ಕೈ ಹಾಕಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಡೋರಿ ಬೇಕೇ ಬೇಕೆಂದರೆ ಕೊರಳ ಬುಡದಿಂದ ನಾಲ್ಕು ಬೆರಳಾದರೂ ಕೆಳಗಿರಲಿ. ಖಣಕ್ಕೆ, ಜರಿಯ ಬಟ್ಟೆಗೆ ಒಳಗೆ ಹತ್ತಿಯ ಅಸ್ತರು ಬೇಕು; ಆ ಅಸ್ತರನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಸಬೇಕು, ಇಲ್ಲವಾದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ. ‘ವಿ’ ಕೊರಳಿನ ಓರೆ ಅಂಚು ಹಿಗ್ಗುವ ಸ್ವಭಾವದ್ದು. ಒಳಗೆ ಒಂದು ಗಟ್ಟಿ ಪಟ್ಟಿ ಕೊಡಿಸಬೇಕು.

ಹೊಲಿದುದನ್ನು ಹಾಕಿ ನೋಡುವಾಗ ಕನ್ನಡಿಯ ಮುಂದೆ ನೆಟ್ಟಗೆ ನಿಂತು ಒಪ್ಪಿಬಿಡುವುದು ಸಾಮಾನ್ಯ. ಮದುಮಗಳು ಅಂದು ನೆಟ್ಟಗೆ ನಿಲ್ಲುವುದೇ ಕಡಿಮೆ. ಹಾರ ಹಾಕಲು ಕೈ ಎತ್ತಬೇಕು, ಗುರುಗಳ ಪಾದಕ್ಕೆ ಬಾಗಬೇಕು, ಹಿರಿಯರೆಲ್ಲರಿಗೂ ನಮಸ್ಕರಿಸಬೇಕು. ಚಿತ್ರ ತೆಗೆಯುವವನು ಎದುರಿಗೇ ಕುಕ್ಕುರುಗಾಲಲ್ಲಿ ಕುಳಿತಿರುತ್ತಾನೆ. ನಮ್ಮ ಹುಡುಗಿ ಕರಡಿಗೆ, ಟೀಕಿ, ಬೋರಮಾಳ ಎಲ್ಲವನ್ನೂ ಹಾಕಿಕೊಂಡು ಹತ್ತು ಸಲ ಬಾಗಿ ಎದ್ದಳು. ಕೊರಳು ಮುಂದೆ ತೆರೆದುಕೊಳ್ಳುವುದು ಕಂಡು, ಹೊಲಿಗೆಯವಳು ಎರಡೂ ಬದಿಯಿಂದ ಕಾಲು ಇಂಚು ಹಿಡಿದಳು. ಈ ಪರೀಕ್ಷೆಯನ್ನು ಮದುವೆಗೆ ಹತ್ತು ದಿನ ಮೊದಲು ಮಾಡಿದ್ದರಿಂದ ತಿದ್ದಲು ಕಾಲಾವಕಾಶ ಸಿಕ್ಕಿತು. ಹಿಂದಿನ ರಾತ್ರಿ ಕುಪ್ಪಸ ಕೈಗೆ ಬರುವ ಮನೆಗಳೇ ಹೆಚ್ಚು.

ಪುತಳಿ ಸರವನ್ನು ಮಗಳ ಕುಬಸದ ಕಾರ್ಯಕ್ಕೆ ಹಾಕುವುದೆಂದು ತಂಗಿ ಎತ್ತಿಟ್ಟಿದ್ದಾಳೆ. ಅಂದು ಇದೇ ಕುಪ್ಪಸವನ್ನು ತೊಡುವುದಾದರೆ ಬದಿಯ ಹೊಲಿಗೆಯನ್ನು ಬಿಚ್ಚಬೇಕಾದೀತು. ಅದಕ್ಕೆಂದೇ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಿಸಿದ್ದೇವೆ.